ಒಂಬತ್ತು ಕ್ಯಾಸೆಟ್ಟಿನ ಜರಾಸಂಧ

೪ ಜುಲೈ ೧೯೮೮, ಸೋಮವಾರ

ಮನೆಯೊಳಗೆ ಸಂಚು ನಡೆದಿದೆ. ಆದ್ದರಿಂದ ಇಂದಿನಿಂದ ಬರೆದಿಡುತ್ತೇನೆ. ಎದುರಿಗೆ ಸಾವಿರ ತಲೆ ಕಂಡರೆ ಮಾತ್ರ ಹೊರಳುವ ನಾಲಿಗೆ ನನ್ನದು. ಯಾರೂ ಓದದ ಪುಸ್ತಕದಲ್ಲಿ ಬರೆಯುವುದೆಂದರೆ ಖಾಲಿ ಟೆಂಟಿನಲ್ಲಿ ಬಣ್ಣ ಹಚ್ಚಿಕೊಂಡು ನಿಂತ ಹಾಗೆ. ಆದರೂ ಬರೆಯಬೇಕು. ಬರೆದ ಮೇಲೆ ಪುಸ್ತಕ ಕಿರೀಟದ ಪೆಟ್ಟಿಗೆಯ ತಳಕ್ಕೆ, ಬೀಗದ ಕೈ ನನ್ನ ಉಡಿದಾರಕ್ಕೆ.

ಯಾವ ನಾಟಕಕ್ಕೂ ಪಾತ್ರ ಪರಿಚಯ ಬೇಕಷ್ಟೆ. ನಾನು ಮಲ್ಲಿಕಾರ್ಜುನಯ್ಯ, ಚಾಮರಾಜಪೇಟೆ ಮೂರನೇ ಮೇನ್. ಒಂದು ಕಾಲದಲ್ಲಿ ಶಿವಗಂಗಾ ನಾಟಕ ಸಭಾದ ಜರಾಸಂಧ. ಆಮೇಲೆ ಇಪ್ಪತ್ತಾರು ವರ್ಷ ಬಿನ್ನಿಪೇಟೆ ಮಿಲ್ಲಿನ ಟೈಂ ಆಫೀಸು. ಹೆಂಡತಿ ಗುರುಬಸಮ್ಮ. ಮಗಳು ಮಹಾನಂದ, ಬಸವನಗುಡಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಎದುರುಮನೆ ನಾರಾಯಣಮ್ಮ, ನಾನು ಬಾಯಿ ತೆರೆದರೆ ಕಿಟಕಿ ಮುಚ್ಚಿಕೊಳ್ಳುವವರು.

ಇನ್ನೊಂದು ಪಾತ್ರ ಟಿವಿಯ ಮುಂದೆ ಕೂತಿದೆ. ಅಂಗೈ ಎರಡರಷ್ಟು ಅಗಲದ ಕರಿ ಕಂಪ್ಯೂಟರು, ರಬ್ಬರಿನ ಗುಂಡಿಗಳು. ಒಂದು ತಂತಿ ಟಿವಿಗೆ, ಒಂದು ತಂತಿ ಟೇಪ್ ರೆಕಾರ್ಡರಿಗೆ. ಮೂರು ವರ್ಷದ ಹಿಂದೆ ಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಬಂದಾಗ ಮಹಾನಂದ ಮನೆಯಲ್ಲಿ ಕಲಿಯಲೆಂದು ತಂದಳು. ಮೂರು ತಿಂಗಳಿಗೆ ಅವಳಿಗೆ ಬೇಸರ ಬಂತು, ನನಗೆ ಹುಚ್ಚು ಹಿಡಿಯಿತು.

ಅದರೊಳಗೆ ನಾನು ಇಟ್ಟಿರುವುದು 'ಮಾಗಧ ಗರ್ವಭಂಗ'. ನಮ್ಮ ಯಜಮಾನ್ ಓಬಳಪ್ಪನವರು ಬರೆದ ನಾಟಕ, ಅಚ್ಚಾಗಲಿಲ್ಲ. ಅಚ್ಚಾದರೆ ಬೇರೆ ಕಂಪನಿ ಕದಿಯುತ್ತದೆ ಎಂಬ ಭಯ. ಅದಕ್ಕೇ ಕಂಪನಿಯ ಕಟ್ಟಳೆ: ಪ್ರತಿಯೊಬ್ಬ ನಟನಿಗೂ ಅವನವನ ಮಾತು ಮಾತ್ರ ಬರೆದು ಕೊಡುವುದು; ಇಡೀ ನಾಟಕ ಯಜಮಾನರ ಪೆಟ್ಟಿಗೆಯಲ್ಲಿ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆಗೆದರೆ ಒಳಗೆ ಗೆದ್ದಲು ಬಿಟ್ಟರೆ ಏನಿಲ್ಲ.

ಎರಡು ವರ್ಷ ಅಲೆದೆ. ಕೃಷ್ಣನ ಪಾತ್ರದ ಅಪ್ಪಯ್ಯ ಸಾಯುವ ಮೊದಲು ತುಮಕೂರಿಗೆ ಹೋಗಿ ಅವನ ಹಾಳೆ ತಂದೆ. ಭೀಮನ ಪಾತ್ರದ ಬೈರಯ್ಯನ ಮನೆಯ ಅಟ್ಟ ಹತ್ತಿದೆ. ಒಂಬತ್ತು ಪಾತ್ರ, ಒಂಬತ್ತು ಕ್ಯಾಸೆಟ್ಟು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಗುಂಡಿ ಒತ್ತಿ ತುಂಬಿದೆ. ಹಾಳೆಗಳಲ್ಲಿ ಪ್ರತಿ ಮಾತಿಗೂ ಮೊದಲು ಹಿಂದಿನವನ ಕೊನೆಯ ಪದ ಬರೆದಿರುತ್ತದೆ, ಯಾವಾಗ ಬಾಯಿ ಬಿಡಬೇಕೆಂದು ತಿಳಿಯಲು. ಅವನ್ನೆಲ್ಲ ಬೇಕೆಂದೇ ಬಿಟ್ಟೆ. ಕಳ್ಳ ಕದ್ದರೂ ಜೋಡಿಸಲಾರ. ಆಮೇಲೆ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದೆ. ಇಂಥ ಭದ್ರತೆ ಮಗಧದ ಕೋಟೆಗೂ ಇರಲಿಲ್ಲ.

ಈಗ ಮಹಾನಂದ ಹೇಳುತ್ತಾಳೆ, ಈ ಜಾತಿಯ ಮಿಷನ್ ಬಿಟ್ಟು ಬೇರೆ ಜಾತಿಯದು ತರೋಣ ಎಂದು. ಇವತ್ತು ಭೀಮನ ಕ್ಯಾಸೆಟ್ಟು ನಾಲ್ಕನೇ ಸಲಕ್ಕೆ ಟಿವಿಯ ಮೇಲೆ ಬಂದದ್ದನ್ನು ಅವಳು ನೋಡಿಬಿಟ್ಟಳು. ಮೊದಲ ಮೂರು ಸಲ, ತಿದಿ ಹರಿದ ಹಾರ್ಮೋನಿಯಂ ಹಾಗೆ ಕಿರುಚಿ ಟೇಪಿನಲ್ಲಿ ತಪ್ಪಿದೆ ಎಂದಿತು. ಮುದಿ ನಟ ಮಾತು ಮರೆಯುವುದಿಲ್ಲವೇ? ಅದಕ್ಕೇ ಬದಲಾಯಿಸುತ್ತಾರೆಯೇ?

ಅವಳಿಗೆ ಇದನ್ನು ಹೇಳಿಕೊಟ್ಟವರು ಯಾರು?

೭ ಜುಲೈ, ಗುರುವಾರ

ಹೇಳಿಕೊಟ್ಟವನು ತಾನಾಗಿ ಬಂದ. ಚಲುವರಾಜು ಎಂದು ಹೆಸರು. ಚಿಕ್ಕಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ, ಮಾರಾಟ. ಮಹಾನಂದಳ ಸ್ಕೂಲಿನ ಮಿಷನ್ನುಗಳನ್ನು ನೋಡಿಕೊಳ್ಳುವವನೂ ಇವನೇ. ನೋಡಲು ಸೌಮ್ಯ. ಅತಿ ಸೌಮ್ಯ. ಬಂದವನು ಕಾಫಿ ಬೇಡ ಅಂದ. ಚಾಮರಾಜಪೇಟೆಯಲ್ಲಿ ಕಾಫಿ ಬೇಡ ಅನ್ನುವವನನ್ನು ನಾನು ನಂಬುವುದಿಲ್ಲ.

ಒಂದು ಆಫೀಸಿನವರು ಹೊಸದು ತಂದು ಹಳೆಯದನ್ನು ಬಿಡುತ್ತಿದ್ದಾರಂತೆ. ಅದಕ್ಕೆ ತನ್ನದೇ ಹಸಿರು ಪರದೆ, ಟಿವಿ ಬೇಡ. ಕ್ಯಾಸೆಟ್ ಬದಲು ತೆಳ್ಳನೆಯ ಚೌಕದ ಫ್ಲಾಪಿ. ಒಳಗೊಂದು ಕಾರ್ಡು ಸಿಕ್ಕಿಸಿದರೆ ಪರದೆಯ ಮೇಲೆ ಕನ್ನಡದ ಅಕ್ಷರವೇ ಮೂಡುತ್ತದಂತೆ. ಒಂದೆರಡು ತಿಂಗಳು ಯಾರಿಗೂ ಕೊಡದೆ ಇಟ್ಟಿರುತ್ತೇನೆ ಎಂದ. ಗುರುಬಸಮ್ಮನಿಗೆ ಟಿವಿ ಬೇಡ ಎಂಬ ಒಂದೇ ಮಾತು ಕೇಳಿಸಿತು. ಮೂರು ವರ್ಷದಿಂದ ಭಾನುವಾರದ ಸಿನಿಮಾ ಅರ್ಧಕ್ಕೆ ನಿಂತಿದೆ, ಯಾಕೆಂದರೆ ನಾನು ಭೀಮನನ್ನು ಎಬ್ಬಿಸುತ್ತಿರುತ್ತೇನೆ.

ನನ್ನ ಕ್ಯಾಸೆಟ್ಟು ಅದರೊಳಕ್ಕೆ ಹೋಗುತ್ತದೆಯೇ ಎಂದೆ.

"ಆಗಲ್ಲ ಸಾರ್. ಎರಡೂ ಬೇರೆ ಬೇರೆ ಜಾತಿ. ಹಳೇದ್ರಲ್ಲಿ ತೆಗೆದು ಒಬ್ರು ಓದ್ಬೇಕು, ಹೊಸದ್ರಲ್ಲಿ ಒಬ್ರು ಟೈಪ್ ಹೊಡೀಬೇಕು. ಬೇಕಿದ್ರೆ ನಮ್ಮ ಅಂಗಡೀಲೇ ಮಾಡಿಸಿಕೊಡ್ತೀನಿ. ಎಲ್ಲ ಕ್ಯಾಸೆಟ್ಟೂ ಒಟ್ಟಿಗೆ ಕೊಟ್ಬಿಡಿ."

ಒಟ್ಟಿಗೆ. ಎಲ್ಲವೂ. ಒಬ್ಬನ ಕೈಗೆ. ಅಲ್ಲಿಗೆ ಬಣ್ಣ ಬಯಲಾಯಿತು.

೯ ಜುಲೈ, ಶನಿವಾರ

ಸಿಕ್ಕಿತು. ಎಲ್ಲ ದಾರಗಳೂ ಒಂದೇ ಬೆರಳಿಗೆ ಸುತ್ತಿಕೊಂಡಿವೆ.

ಹೇಳದೆ ಕೇಳದೆ ಚಿಕ್ಕಪೇಟೆಗೆ ಹೋದೆ. ಸೀರೆ ಮೂಟೆಗಳ ನಡುವೆ ನುಸುಳಿ, ಹಮಾಲಿಗಳ ಬೈಗುಳ ತಿಂದು, ಚಲುವರಾಜುವಿನ ಅಂಗಡಿ ಹುಡುಕಿದೆ. ಮಹಡಿಯ ಮೇಲಿದೆ. ಕೆಳಗೆ ಯಾರ ಅಂಗಡಿ? ಬೋರ್ಡು ಓದಿ ನಿಂತಲ್ಲೇ ನಿಂತೆ: ಪಂಚಾಕ್ಷರಯ್ಯ, ಬುಕ್ ಬೈಂಡರ್. ಮಹಡಿಯೂ ಅವನದೇ, ಚಲುವರಾಜು ಬಾಡಿಗೆದಾರ.

ಆ ಶಕುನಿ.

ನಮ್ಮ ಕಂಪನಿಯ ಪ್ರಾಂಪ್ಟರು. ಪರದೆಯ ಸಂದಿಯಲ್ಲಿ ನಿಂತು ಪುಸ್ತಕ ಹಿಡಿದು, ಮಾತು ಮರೆತವನಿಗೆ ಪಿಸುಗುಟ್ಟುವವನು. ಇಡೀ ನಾಟಕ ಕಂಡ ಕಣ್ಣು ಇಬ್ಬರದೇ: ಯಜಮಾನರದು, ಇವನದು. ೧೯೫೬ರಲ್ಲಿ ದಾವಣಗೆರೆಯಲ್ಲಿ ಬೇರೆ ಕಂಪನಿಯವರು ನಮ್ಮ ನಾಟಕವನ್ನೇ ಹೆಸರು ಬದಲಿಸಿ ಆಡುತ್ತಿದ್ದಾರೆಂದು ಸುದ್ದಿ ಬಂತು. ತಲೆಗೆ ಟವೆಲ್ ಸುತ್ತಿ ನಾನೊಬ್ಬನೇ ಹೋಗಿ ನೆಲದ ಮೇಲೆ ಕೂತೆ. ಪದಕ್ಕೆ ಪದ ನಮ್ಮದೇ. ಕೊನೆಗೆ ದ್ವಂದ್ವಯುದ್ಧಕ್ಕೆ ಮುಂಚೆ, ಮೂರು ಮೂರು ಸಲ ವನ್ಸ್‌ಮೋರ್ ಗಿಟ್ಟಿಸುತ್ತಿದ್ದ ನನ್ನ ಮಾತು: "ಎರಡು ತುಂಡಾಗಿ ಹುಟ್ಟಿದವನಿಗೆ ಒಂದು ಸಾವು ಸಾಲದು, ಎರಡು ತಾ." ಅದನ್ನೂ ಬಿಟ್ಟಿರಲಿಲ್ಲ. ಆ ಮೀಸೆ ಚಿಗುರದ ಜರಾಸಂಧನ ಬಾಯಲ್ಲಿ ಅದನ್ನು ಕೇಳಿ ಆಟದ ನಡುವೆಯೇ ಎದ್ದು ಹೊರಟೆ.

ವಾಪಸು ಬಂದು ಯಜಮಾನರ ಮುಂದೆ ಗುಡುಗಿದೆ: ಪುಸ್ತಕ ಹಿಡಿದವನೇ ಮಾರಿದ್ದಾನೆ. ಮರುದಿನ ಪಂಚಾಕ್ಷರಯ್ಯನ ಹಾಸಿಗೆ ಸುರುಳಿ ಕಂಪನಿಯ ಗೇಟಿನ ಹೊರಗಿತ್ತು. ಒಂದು ಮಾತೂ ಆಡದೆ ಹೋದ. ನಿರಪರಾಧಿಯಾದವನು ಕೂಗಾಡಬೇಕಲ್ಲ? ನಾನಾಗಿದ್ದರೆ ಮೂರು ಬೀದಿಗೆ ಕೇಳಿಸುತ್ತಿದ್ದೆ.

ಆಗ ಒಂದು ಸಲ ಕದ್ದ. ಎರಡನೇ ಸಲಕ್ಕೆ ಈಗ ಬಾಡಿಗೆದಾರನನ್ನು ಕಳಿಸಿದ್ದಾನೆ.

ಕ್ಯಾಸೆಟ್ಟುಗಳ ಜಾಗ ಬದಲಾಯಿಸಿದೆ. ಭೀಮ ಅಕ್ಕಿ ಡಬ್ಬದಲ್ಲಿ. ನಾನು, ಅಂದರೆ ಜರಾಸಂಧ, ದಿಂಬಿನ ಚೀಲದಲ್ಲಿ. ಕೃಷ್ಣ ಎಲ್ಲಿದ್ದಾನೆಂದು ಇಲ್ಲಿಯೂ ಬರೆಯುವುದಿಲ್ಲ.

೧೫ ಜುಲೈ, ಶುಕ್ರವಾರ

ನಿನ್ನೆಯಿಂದ ಆಷಾಢ. ಆಷಾಢದಲ್ಲಿ ಹೊಸ ವಸ್ತು ಹೊಸ್ತಿಲು ದಾಟಬಾರದು ಎಂದು ಘೋಷಿಸಿದೆ. ಮಹಾನಂದ, ಅದು ಹಳೇ ವಸ್ತು ಅಪ್ಪಾಜಿ, ಆಫೀಸಿನವರು ಎರಡು ವರ್ಷ ಉಪಯೋಗಿಸಿದ್ದು ಅಂದಳು. ಲೆಕ್ಕದ ಮೇಡಂ. ಗುರುಬಸಮ್ಮ ಮಾತ್ರ ನನ್ನ ಕಡೆ ನಿಂತಳು. ಅದೇ ನನಗೆ ಅನುಮಾನ. ಅವಳು ಸುಲಭವಾಗಿ ಒಪ್ಪುವವಳಲ್ಲ.

೨೪ ಜುಲೈ, ಭಾನುವಾರ

ಕೃಷ್ಣ ಇಲ್ಲ.

ಈಗ ಬರೆಯಬಹುದು, ಬಚ್ಚಿಟ್ಟದ್ದು ಹಳೆಯ ರೇಡಿಯೋದ ಬೆನ್ನಿನ ಹಲಗೆ ಬಿಚ್ಚಿ ಒಳಗೆ, ಸ್ಪೀಕರಿಗೆ ಆನಿಸಿ. ಯಾವ ಕಳ್ಳನೂ ಅಲ್ಲಿ ಕೈ ಹಾಕಲಾರ. ಇವತ್ತು ತೆಗೆದು ಹಾಕಿದೆ. ಕಿರುಚಲಿಲ್ಲ. ತಪ್ಪಿದೆ ಎಂದೂ ಹೇಳಲಿಲ್ಲ. ಬರೀ ಗಾಳಿಯ ಸದ್ದು. ಹದಿಮೂರು ಸಲ ಹಾಕಿದೆ.

ಕೊನೆಗೆ ಮಹಾನಂದಳನ್ನು ಕೂಗಿದೆ. ಎಲ್ಲಿಟ್ಟಿದ್ದಿರಿ ಎಂದು ಕೇಳಿದಳು. ಹೇಳಿದೆ. ಅವಳು ತಲೆ ಮೇಲೆ ಕೈ ಇಟ್ಟುಕೊಂಡಳು.

"ಸ್ಪೀಕರ್ ಒಳಗೆ ದೊಡ್ಡ ಅಯಸ್ಕಾಂತ ಇರತ್ತೆ ಅಪ್ಪಾಜಿ. ಎರಡು ವಾರ ಅದಕ್ಕೆ ಒರಗಿಸಿ ಇಟ್ರೆ ಟೇಪಲ್ಲಿರೋದೆಲ್ಲ ಅಳಿಸಿ ಹೋಗತ್ತೆ."

ಅಪ್ಪಯ್ಯ ಸತ್ತು ವರ್ಷವಾಯಿತು. ಅವನ ಹಾಳೆಯನ್ನು ಸುಟ್ಟವನು ನಾನು. ಆ ಬೆಂಕಿಗೆ ಕಾದ ನೀರಿನಲ್ಲಿ ಅವತ್ತು ತಲೆಗೂ ಸ್ನಾನ ಮಾಡಿದ್ದೆ.

ರೇಡಿಯೋದೊಳಗೆ ಅಯಸ್ಕಾಂತ ಇಟ್ಟವನು ಯಾರು ಎಂದು ಕೇಳಿದೆ. ಮಹಾನಂದ ರೇಡಿಯೋದ ಹಲಗೆಗೆ ಸ್ಕ್ರೂ ತಿರುಗಿಸಿದಳು.

೨ ಆಗಸ್ಟ್, ಮಂಗಳವಾರ

ಭೀಮ ಏಳನೇ ಸಲಕ್ಕೆ ಬಂದ. ಅದೂ ಅರ್ಧಂಬರ್ಧ. ಕೈಯಲ್ಲಿ ಬರೆದುಕೊಳ್ಳಲು ಕೂತೆ. ಎರಡು ಪುಟಕ್ಕೆ ಪರದೆ ಕತ್ತಲಾಯಿತು. ರಬ್ಬರಿನ ಗುಂಡಿಗಳಲ್ಲಿ ಮೂರು ಒತ್ತಿದರೆ ಏಳುವುದಿಲ್ಲ.

ಊಟ ಸೇರಲಿಲ್ಲ.

೧೨ ಆಗಸ್ಟ್, ಶುಕ್ರವಾರ

ಭೀಮನ ಅಮಾವಾಸ್ಯೆ. ಜರಾಸಂಧನಿಗೆ ವರ್ಷಕ್ಕೊಮ್ಮೆ ಭೀಮನ ಹೆಸರಿನಲ್ಲಿ ಪಾದಪೂಜೆ, ಇದು ನನ್ನ ಮನೆಯ ಹಳೆಯ ನಗೆಚಾಟಿಕೆ. ಗುರುಬಸಮ್ಮ ಕಾಲು ತೊಳೆದು, ಹೂವಿಟ್ಟು, ನಮಸ್ಕಾರ ಮಾಡಿ ಎದ್ದಳು. ಏನು ಬೇಕು ಕೇಳು ಎಂದು ಕೈಯೆತ್ತಿದೆ, ಮಗಧದ ಸಿಂಹಾಸನದಿಂದ ಎತ್ತುವ ಹಾಗೆ. ಸೀರೆ ಕೇಳುತ್ತಾಳೆ ಅಂದುಕೊಂಡಿದ್ದೆ.

"ಚಿಕ್ಕಪೇಟೆಗೆ ಹೋಗಿ ಬನ್ನಿ," ಅಂದಳು. "ಪಂಚಾಕ್ಷರಯ್ಯನೋರಿಗೆ ಆ ನಾಟಕ ಪೂರ್ತಿ ಬಾಯಿಗೆ ಬರತ್ತೆ ಅಂತ ನೀವೇ ನೂರು ಸಲ ಹೇಳಿದೀರಿ. ಮೂವತ್ತೆರಡು ವರ್ಷ ಆಯ್ತು ರೀ. ಕದ್ದಿದ್ರೆ ಕದ್ದೆಯಾ ಅಂತ ಮುಖಕ್ಕೇ ಕೇಳ್ಬಿಡಿ. ಇಲ್ಲಾಂದ್ರೆ ಈ ಕ್ಯಾಸೆಟ್ಟೆಲ್ಲ ಎತ್ತಿ ಅಟ್ಟಕ್ಕೆ ಹಾಕಿ, ನಾನು ಸಿನಿಮಾ ನೋಡ್ತೀನಿ."

ವರ ಕೊಟ್ಟು ಸಿಕ್ಕಿಬಿದ್ದ ರಾಜರ ಕಥೆ ನನಗೆ ಯಾರೂ ಹೇಳಬೇಕಾಗಿಲ್ಲ. ಅರ್ಧ ವರ ಕೊಟ್ಟೆ: ಅವಳ ಸಿನಿಮಾಕ್ಕೆ ಟಿವಿ ಬಿಟ್ಟೆ, ಹೊಸ ಮಿಷನ್ ಬರಲಿ. ಆದರೆ ನನ್ನ ಮನೆಗೇ ಬರಬೇಕು, ಓದುವವನು ನಾನು, ಹೊಡೆಯುವವಳು ಮಹಾನಂದ, ಹೊರಗಿನವರ ನೆರಳು ಬೀಳಕೂಡದು. ಉಳಿದರ್ಧ ಬಾಕಿ.

೧೬ ಆಗಸ್ಟ್, ಮಂಗಳವಾರ

ಬಂತು. ನಿನ್ನೆ ಶ್ರಾವಣ ಸೋಮವಾರ ವಿಭೂತಿ ಹಚ್ಚಿ ಕೂರಿಸಿದೆವು. ಒಂದು ಟ್ರಂಕಿನಷ್ಟು ದಪ್ಪ, ಒಳಗೆ ಫ್ಯಾನ್ ಗುಂಯ್ ಅನ್ನುತ್ತದೆ. ಮಹಾನಂದ ಗುಂಡಿ ಒತ್ತಿದಳು. ಹಸಿರು ಅಕ್ಷರ ಮೂಡಿತು: ಜರಾಸಂಧ. ಕನ್ನಡದಲ್ಲಿ. ಒತ್ತಕ್ಷರ ಬಂದರೆ ಹಿಂಜರಿಯುತ್ತದೆ, ಆದರೂ ಕನ್ನಡ. ನಾನು ಕಣ್ಣೊರೆಸಿಕೊಂಡದ್ದು ಹಸಿರು ಬೆಳಕಿಗೆ.

ಮೊದಲ ಅಂಕ, ನಾನು ಇರುವ ಸೀನು, ಕುದುರೆಯ ಹಾಗೆ ಓಡಿತು. ಎರಡನೇ ಸೀನಿಗೆ ಭೀಮನ ಇಪ್ಪತ್ತು ಮಾತು, ಅರ್ಜುನನ ಹದಿನಾಲ್ಕು. ಯಾರು ಮೊದಲು? ಯಾವುದಕ್ಕೆ ಯಾವುದು ಉತ್ತರ? ಮಹಾನಂದ ಕೈ ಗುಂಡಿಯ ಮೇಲಿಟ್ಟು ಕಾದಳು.

ಆ ಸೀನಿನಲ್ಲಿ ನಾನು ಇರುತ್ತಿರಲಿಲ್ಲ. ಬಣ್ಣದ ಕೋಣೆಯಲ್ಲಿ ಮೀಸೆ ಅಂಟಿಸಿಕೊಳ್ಳುತ್ತಿದ್ದೆ. ಆರು ವರ್ಷ, ವಾರಕ್ಕೆ ನಾಲ್ಕು ಆಟ, ನನ್ನ ನಾಟಕ ನನ್ನ ನಾಟಕ ಎಂದು ಮೆರೆದೆನಲ್ಲ. ಇಡೀ ನಾಟಕವನ್ನು ನಾನು ಒಮ್ಮೆಯೂ ನೋಡಿಲ್ಲ. ದಾವಣಗೆರೆಯಲ್ಲಿ ಕೂತಾಗಲೂ ಕಿವಿ ಕೊಟ್ಟದ್ದು ನನ್ನ ಮಾತಿಗೆ ಮಾತ್ರ.

ಜರಾಸಂಧನನ್ನು ಸೀಳಿ, ಹೋಳುಗಳನ್ನು ತಲೆಕೆಳಗು ಮಾಡಿ ಎಸೆದರೆ ಮತ್ತೆ ಕೂಡುವುದಿಲ್ಲ. ಕೃಷ್ಣ ಭೀಮನಿಗೆ ಹುಲ್ಲುಕಡ್ಡಿ ಸೀಳಿ ತೋರಿಸುತ್ತಾನೆ. ಇಲ್ಲಿ ಯಾರೂ ತೋರಿಸಲಿಲ್ಲ, ನಾನೇ ಸೀಳಿಕೊಂಡೆ.

೧೮ ಆಗಸ್ಟ್, ಗುರುವಾರ

ಹೋದೆ.

ಹಿಂದಿನ ಗಲ್ಲಿಯಿಂದ ಹೋದೆ, ಚಲುವರಾಜು ನೋಡಬಾರದೆಂದು. ಪಂಚಾಕ್ಷರಯ್ಯ ಗೋಂದಿನ ಬಟ್ಟಲು ಮುಂದಿಟ್ಟುಕೊಂಡು ಯಾವುದೋ ರಿಜಿಸ್ಟರಿಗೆ ರಟ್ಟು ಹಾಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಕತ್ತೆತ್ತಿ ನನ್ನನ್ನು ನೋಡಿದ, ಮತ್ತೆ ಗೋಂದು ಹಚ್ಚಿದ.

"ಕದ್ದೆಯಾ ಅಂತ ಕೇಳೋಕೆ ಬಂದ್ಯಾ, ಇನ್ನೇನಕ್ಕಾದ್ರೂ ಬಂದ್ಯಾ?"

ಮೂವತ್ತೆರಡು ವರ್ಷದಿಂದ ಬಾಯಿಪಾಠ ಮಾಡಿದ ಮಾತು ಬೇರೆ, ಬಾಯಿಗೆ ಬಂದದ್ದು ಬೇರೆ: ಕೃಷ್ಣ ಹೋಗಿಬಿಟ್ಟ ಎಂದೆ. ಅಪ್ಪಯ್ಯ ಹೋಗಿದ್ದು ಗೊತ್ತು, ಮಣ್ಣಿಗೆ ನಾನೂ ಬಂದಿದ್ದೆ, ನೀನು ನೋಡ್ಲಿಲ್ಲ ಅಂದ. ಅಪ್ಪಯ್ಯ ಅಲ್ಲ, ಕೃಷ್ಣನ ಮಾತು ಹೋಯಿತು ಎಂದು ರೇಡಿಯೋದ ಕಥೆ ಹೇಳಿದೆ. ನಗುತ್ತಾನೆಂದು ಕಾದೆ. ನಗಲಿಲ್ಲ. ಕೈ ಒರೆಸಿಕೊಂಡು, ಬಾಯಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಪರದೆಯ ಸಂದಿಯಿಂದ ಬರುತ್ತಿದ್ದ ಅದೇ ಪಿಸುದನಿಯಲ್ಲಿ ಹೇಳಿದ:

"ಹೆಬ್ಬಾಗಿಲು ಮಿತ್ರರಿಗೆ, ಮಾಗಧ. ಹಿಂಬಾಗಿಲಿಂದ ಬಂದವರು ಯಾರೆಂದು ನೀನೇ ತಿಳಿ."

ಕೃಷ್ಣನ ಮೊದಲ ಮಾತು. ನನಗೇ ಹೇಳಿದನೋ, ಜರಾಸಂಧನಿಗೆ ಹೇಳಿದನೋ?

ಬಲಗಡೆ ಕೂತು ಮಾತಾಡು ಎಂದ. ಎಡಗಿವಿ ಕೇಳಿಸುವುದಿಲ್ಲವಂತೆ. "ಆರು ವರ್ಷ ನಿನ್ನ ಪಕ್ಕ ನಿಂತೋನಲ್ವಾ. ಅಲ್ಲೇ ಹೋಯ್ತು."

ಭಾನುವಾರ ಅಂಗಡಿ ರಜೆ, ಬರುತ್ತಾನೆ. ಏನೂ ಕೇಳಲಿಲ್ಲ. ಏನೂ ಕೇಳದೆ ಬರುವವನ ಉದ್ದೇಶ ಏನಿರಬಹುದು?

೨೧ ಆಗಸ್ಟ್, ಭಾನುವಾರ

ಅವನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಹಾಕಿದ್ದೆ, ಪರದೆ ಕಾಣದ ಹಾಗೆ. ಪಂಚಾಕ್ಷರಯ್ಯ ಕೂತು, ಹಾಗೇ ಕಣ್ಣು ಮುಚ್ಚಿಕೊಂಡ. ಅವನಿಗೆ ಪರದೆ ಬೇಕಾಗಿಯೇ ಇರಲಿಲ್ಲ.

ಭೀಮ, ಅರ್ಜುನ, ಭೀಮ, ಇಲ್ಲಿ ಅರ್ಜುನ ಸುಮ್ಮನಿರುತ್ತಾನೆ, ಆಮೇಲೆ ಕೃಷ್ಣ. ಅವನು ಪಿಸುಗುಟ್ಟುವುದು, ನಾನು ಗುಡುಗುವುದು, ಮಹಾನಂದ ಹೊಡೆಯುವುದು. ಗುರುಬಸಮ್ಮ ಸಿನಿಮಾ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಕೃಷ್ಣ ಹುಲ್ಲುಕಡ್ಡಿ ಸೀಳುವಲ್ಲಿ ಮಾತೇ ಇಲ್ಲವಂತೆ, ಬರೀ ನೋಟ. ಹಾಗೆಂದು ಪುಸ್ತಕದಲ್ಲಿ ಬರೆದಿದ್ದರಂತೆ ಯಜಮಾನರು. ಆ ನೋಟ ನನಗೆ ಗೊತ್ತೇ ಇರಲಿಲ್ಲ. ನಾನು ಆ ಹೊತ್ತಿಗೆ ಜನರ ಕಡೆ ಮುಖ ಮಾಡಿ ತೊಡೆ ತಟ್ಟುತ್ತಿದ್ದೆ.

ನಾರಾಯಣಮ್ಮ ಕಿಟಕಿ ಮುಚ್ಚಿದರು.

ಹೋಗುವಾಗ ಅವನ ಜೇಬು ನೋಡಿದೆ. ಕನ್ನಡಕದ ಡಬ್ಬಿ ಮಾತ್ರ. ಪೆಟ್ಟಿಗೆ ತೆಗೆಯಲು ಬೇಸರ, ಈ ಪುಸ್ತಕ ಇವತ್ತು ದಿಂಬಿನ ಕೆಳಗೆ ಇರಲಿ.

೨೮ ಆಗಸ್ಟ್, ಭಾನುವಾರ

ದ್ವಂದ್ವದ ಸೀನು. ನನ್ನ ಸೀನು. ಪಂಚಾಕ್ಷರಿ ಹೇಳಿಕೊಡಬೇಕಾದ್ದೇ ಇರಲಿಲ್ಲ, ಎದ್ದು ನಿಂತು ನಾನೇ ಹೇಳಿದೆ. "ಎರಡು ತುಂಡಾಗಿ ಹುಟ್ಟಿದವನಿಗೆ ಒಂದು ಸಾವು ಸಾಲದು, ಎರಡು ತಾ." ಮಹಾನಂದ ಹೊಡೆದಳು. ಕಾಫಿ ಕುಡಿಯುತ್ತಿದ್ದ ಪಂಚಾಕ್ಷರಿ ಕಣ್ಣು ತೆರೆಯದೆ ನಕ್ಕ.

"ಅದು ಪುಸ್ತಕದಲ್ಲಿರಲಿಲ್ಲ ಮಲ್ಲಣ್ಣ. ತಿಪಟೂರಲ್ಲಿ ಒಂದಿನ ನೀನಾಗೇ ಹಾಕ್ಕೊಂಡೆ. ಯಜಮಾನ್ರು ಬರ್ಕೋ ಅನ್ನಲಿಲ್ಲ, ಬೇಡ ಅಂತಾನೂ ಅನ್ನಲಿಲ್ಲ. ನಾನು ಪ್ರತಿ ಆಟದಲ್ಲೂ ಆ ಜಾಗಕ್ಕೆ ಬಂದಾಗ ಪುಟದ ಮೇಲೆ ಬೆರಳಿಟ್ಟು ಕಾಯ್ತಿದ್ದೆ, ನೀನು ಮುಗಿಸೋವರೆಗೆ."

ನಾನು ಕೂತೆ. ನೀರು ಕೇಳಿದೆ.

ಪುಸ್ತಕದಲ್ಲಿ ಇರಲಿಲ್ಲ. ಆದರೆ ದಾವಣಗೆರೆಯಲ್ಲಿ ಆ ಹುಡುಗ ಜರಾಸಂಧ ಹೇಳಿದ. ಪುಸ್ತಕದಿಂದ ಕದ್ದಿದ್ದರೆ ಆ ಮಾತು ಅವನಿಗೆ ಸಿಗುತ್ತಿರಲಿಲ್ಲ. ಯಾರೋ ಟಿಕೆಟ್ ಕೊಂಡು, ಮುಂದಿನ ಸಾಲಿನಲ್ಲಿ ಕೂತು, ದಿನದಿನವೂ ಕೇಳಿ ಕೇಳಿ ಬರೆದುಕೊಂಡು ಹೋಗಿದ್ದಾನೆ. ನನ್ನ ಬಾಯಿಂದಲೇ. ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳುತ್ತಿದ್ದೆನಲ್ಲ.

ಆ ಆಟ ನೋಡಿದವನು ನಾನೊಬ್ಬನೇ. ಆ ಮಾತು ಎಲ್ಲಿ ಹುಟ್ಟಿತೆಂದು ಬಲ್ಲವನು ಅವನೊಬ್ಬನೇ. ಮೂವತ್ತೆರಡು ವರ್ಷ ನಾವಿಬ್ಬರೂ ಮಾತಾಡಲಿಲ್ಲ.

ನಾನು ಬರೆಯುವ ಈ ಪುಸ್ತಕ ಇವತ್ತು ಮೇಜಿನ ಮೇಲೇ ಇತ್ತು. ರಟ್ಟಿನ ಮೇಲೆ ಅವನ ಕಾಫಿ ಲೋಟದ ಉಂಗುರ ಬಿದ್ದಿದೆ.

೧ ಸೆಪ್ಟೆಂಬರ್, ಗುರುವಾರ

ಆ ಮಾತನ್ನು ಅಳಿಸು ಎಂದು ಮಹಾನಂದಳಿಗೆ ಹೇಳಿದೆ. ಯಾಕೆ ಎಂದಳು. ಸುಮ್ಮನೆ ಅಳಿಸು ಎಂದೆ. ಭಾನುವಾರ ಪಂಚಾಕ್ಷರಯ್ಯನವರನ್ನೇ ಕೇಳೋಣ ಎಂದಳು.

೪ ಸೆಪ್ಟೆಂಬರ್, ಭಾನುವಾರ

ಮುಗಿಯಿತು. ಮಂಗಳದ ಪದ್ಯವನ್ನು ಪಂಚಾಕ್ಷರಿ ಹಾಡಿದ, ಪಿಸುದನಿಯಲ್ಲೇ. ಚಲುವರಾಜು ಬಂದು ಎರಡು ಫ್ಲಾಪಿ ಮಾಡಿಕೊಟ್ಟ, ಅಯಸ್ಕಾಂತದ ಹತ್ತಿರ ಇಡಬೇಡಿ ಸಾರ್ ಎಂದು ನನ್ನನ್ನೇ ನೋಡಿ ಹೇಳಿದ. ಇವತ್ತು ಕಾಫಿ ಕುಡಿದ. ಅವತ್ತು ಹೊಟ್ಟೆಹುಣ್ಣಿತ್ತಂತೆ.

ಆ ಮಾತನ್ನು ತೆಗೆಯೋಣವೇ ಎಂದು ಮಹಾನಂದ ಕೇಳಿದಳು. "ಇರ್ಲಿ ಬಿಡಮ್ಮ, ಜನ ಚಪ್ಪಾಳೆ ಹೊಡೀತಿದ್ದಿದ್ದೇ ಅದಕ್ಕೆ" ಎಂದ ಪಂಚಾಕ್ಷರಿ, ಚಪ್ಪಲಿ ಹುಡುಕುತ್ತಾ.

ಒಂದು ಫ್ಲಾಪಿಯನ್ನು ಅವನ ಕೈಗಿಟ್ಟೆ. ಇಡೀ ನಾಟಕ. ಅವನಲ್ಲಿ ಮಿಷನ್ ಇಲ್ಲ, ಆದರೂ ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ಪಕ್ಕಕ್ಕೆ ಹೋಗಿ ನಿಂತು ಹೇಳಿದೆ. ದಾವಣಗೆರೆಯಲ್ಲಿ ಏನು ಕೇಳಿದೆ, ಯಜಮಾನರಿಗೆ ಏನು ಹೇಳಿದೆ, ಏನು ತಪ್ಪಾಯಿತು. ನನಗೇ ಕೇಳಿಸದಷ್ಟು ಮೆಲ್ಲಗೆ. ನಿಂತದ್ದು ಎಡಗಡೆ.

"ಕೇಳಿಸ್ಲಿಲ್ಲ ಮಲ್ಲಣ್ಣ," ಅಂದ ಪಂಚಾಕ್ಷರಿ. "ಹಿಂದಿನ ಸಾಲಿಗೂ ಕೇಳೋ ಹಾಗೆ ಹೇಳು."

ಹೇಳಿದೆ. ಎದುರುಮನೆ ನಾರಾಯಣಮ್ಮ ಕಿಟಕಿ ತೆಗೆದರು.